ಪರಿಸರಸ್ನೇಹಿ ಡೇ ಕೇರ್: ಪೋಷಕರು ಯಾವುದಕ್ಕೆ ಹೆಚ್ಚು ಶುಲ್ಕ ಕೊಡುತ್ತಾರೆಂದು ತಿಳಿಯುವ ಕ್ರಮ

ಪರಿಸರಸ್ನೇಹಿ ಡೇ ಕೇರ್ ನಡೆಸಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಪೋಷಕರಿಗೆ ಪ್ರಶ್ನಾವಳಿಯೊಂದನ್ನು ಹಂಚುತ್ತಾರೆ; ಸಾವಯವ ಊಟ ಬೇಕೇ, ವಿಷರಹಿತ ಆಟಿಕೆ ಬೇಕೇ, ಸೌರ ವಿದ್ಯುತ್ ಬೇಕೇ ಎಂಬ ಎಲ್ಲ ಪ್ರಶ್ನೆಗಳಿಗೂ ಎಲ್ಲರೂ ‘ಹೌದು’ ಎಂದು ಗುರುತು ಹಾಕಿ ಕೊಡುತ್ತಾರೆ; ಆ ಹೌದುಗಳನ್ನು ನಂಬಿ ಖರ್ಚು ಮಾಡಿ ಶುಲ್ಕ ಏರಿಸಿದ ತಿಂಗಳಲ್ಲಿ ಅದೇ ಪೋಷಕರು ರಿಯಾಯಿತಿ ಕೇಳುತ್ತಾರೆ, ಇಲ್ಲವೇ ಸದ್ದಿಲ್ಲದೆ ಮಗುವನ್ನು ಬೇರೆಡೆ ಸೇರಿಸುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ. ಮಗುವಿಗೆ ಒಳ್ಳೆಯದು ಬೇಕೇ ಎಂದು ಕೇಳಿದರೆ ಬೇಡವೆನ್ನುವ ತಂದೆ-ತಾಯಿ ಎಲ್ಲೂ ಸಿಗುವುದಿಲ್ಲವಾದ್ದರಿಂದ, ಆ ಪ್ರಶ್ನೆಗೆ ಬಂದ ಉತ್ತರದಲ್ಲಿ ಯಾವ ಮಾಹಿತಿಯೂ ಇರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೋಷಕರು ‘ಪರಿಸರ’ಕ್ಕೆಂದು ಹಣ ಕೊಡುವುದು ಅಪರೂಪ, ಮಗುವಿನ ಮೈಗೆ ತಾಗುವ, ಬಾಯಿಗೆ ಹೋಗುವ, ಉಸಿರಿಗೆ ಸೇರುವ ಸಂಗತಿಗೆ ಕೊಡುತ್ತಾರೆ, ಅದೂ ಅದರ ವ್ಯತ್ಯಾಸ ತಮ್ಮ ಕಣ್ಣಿಗೆ ಬಿದ್ದರೆ ಮಾತ್ರ. ಆದರೆ ನಿಮ್ಮ ಕೇಂದ್ರದ ಪೋಷಕರ ಮಟ್ಟಿಗೆ ಇದು ಎಷ್ಟರಮಟ್ಟಿಗೆ ನಿಜ, ಯಾವ ಸಂಗತಿಗೆ, ಎಷ್ಟು ಹಣಕ್ಕೆ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಬೆಲೆಯ ಪ್ರಶ್ನೆಯನ್ನು ಮೊದಲು ಕೇಳಿ ಆಮೇಲೆ ಪಟ್ಟಿ ಮಾಡಿದರೆ ಎರಡೂ ಕೆಡುತ್ತವೆ.

## ಬೇಕಾಗುವ ಸಾಧನಗಳು

ಒಂದು ನೋಟ್‌ಪುಸ್ತಕ, ಅಂಗೈ ಅಗಲದ ದಪ್ಪ ಕಾಗದದ ಕಾರ್ಡ್‌ಗಳು, ಆದಾಯ-ಖರ್ಚಿನ ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್, ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಮೀಟರ್, ಕಳೆದ ಹನ್ನೆರಡು ತಿಂಗಳಲ್ಲಿ ಪೋಷಕರಿಂದ ಬಂದ ದೂರುಗಳ ಮತ್ತು ಕೋರಿಕೆಗಳ ದಾಖಲೆ, ಇವಿಷ್ಟು ಸಾಕು. ಸಮಯ ಮಾತ್ರ ಸುಮಾರು ನಾಲ್ಕು ತಿಂಗಳು ಬೇಕು. ಹೊಸದಾಗಿ ತೆರೆಯುವವರಿಗೆ ದೂರುಗಳ ದಾಖಲೆ ಇರುವುದಿಲ್ಲವಾದ್ದರಿಂದ, ಈಗ ಬೇರೆ ಕೇಂದ್ರಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಹತ್ತು ಮಂದಿ ಪೋಷಕರನ್ನಾದರೂ ಮಾತಿಗೆ ಒಪ್ಪಿಸಿಕೊಂಡಿರಬೇಕು.

## ಹಂತ 1: ಮಾರಬಾರದ್ದನ್ನು ಪಟ್ಟಿಯಿಂದ ತೆಗೆಯುವುದು

ಮೊದಲ ಕೆಲಸ ಸೇರಿಸುವುದಲ್ಲ, ತೆಗೆಯುವುದು. ಸುರಕ್ಷತೆಗೆ ಹೆಚ್ಚುವರಿ ದರ ಹಾಕುವಂತಿಲ್ಲ. ಸೀಸವಿಲ್ಲದ ಬಣ್ಣ, ಶುದ್ಧ ಕುಡಿಯುವ ನೀರು, ಕಲ್ನಾರಿಲ್ಲದ ಸೂರು, ಗಾಳಿ ಆಡುವ ಮಲಗುವ ಕೋಣೆ ಇವೆಲ್ಲ ಮೂಲ ಶುಲ್ಕದಲ್ಲೇ ಬರಬೇಕಾದವು. ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಣ್ಣದಲ್ಲಿ ಸೀಸದ ಗರಿಷ್ಠ ಮಿತಿ ದಶಲಕ್ಷಕ್ಕೆ 90 ಭಾಗ ಇರಬೇಕೆಂಬುದು ಅದರ ಶಿಫಾರಸು. ಸೀಸವಿಲ್ಲದ ಬಣ್ಣವನ್ನು ‘ಹಸಿರು ಪ್ಯಾಕೇಜ್’ ಎಂದು ಮಾರಲು ಹೊರಟರೆ, ಆ ಪ್ಯಾಕೇಜ್ ಕೊಳ್ಳದ ಮಗುವಿನ ಕೋಣೆಗೆ ಯಾವ ಬಣ್ಣ ಹಚ್ಚಿದ್ದೀರಿ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಮತ್ತು ಅದಕ್ಕೆ ಕೊಡಬಹುದಾದ ಒಳ್ಳೆಯ ಉತ್ತರ ಒಂದೂ ಇರುವುದಿಲ್ಲ.

ಹಾಗೆಯೇ ನಿಮ್ಮ ಪ್ರದೇಶದ ನಿಯಮಗಳು ಕಡ್ಡಾಯ ಮಾಡಿರುವುದನ್ನೆಲ್ಲ ಗುರುತಿಸಿ ತೆಗೆಯಿರಿ. ಕಾನೂನು ಮಾಡಿಸಿದ್ದನ್ನು ತನ್ನ ವಿಶೇಷವೆಂದು ಹೇಳಿಕೊಳ್ಳುವ ಕೇಂದ್ರದ ಮೇಲೆ, ನಿಯಮ ಓದಿದ ಒಬ್ಬ ಪೋಷಕರಿಗೆ ಅನುಮಾನ ಬಂದರೂ ಸಾಕು, ಉಳಿದ ನಿಜವಾದ ವಿಶೇಷಗಳೂ ಅದೇ ಅನುಮಾನದೊಳಗೆ ಬೀಳುತ್ತವೆ.

## ಹಂತ 2: ಉಳಿದದ್ದನ್ನು ಮೂರು ರಾಶಿ ಮಾಡುವುದು

ಮೊದಲ ರಾಶಿ ಮಗುವಿನ ಮೈಗೆ ಸಂಬಂಧಿಸಿದ್ದು: ಊಟ, ಶುಚಿಗೊಳಿಸುವ ದ್ರಾವಣಗಳು, ಆಟಿಕೆಗಳು, ಹಾಸಿಗೆ-ಹೊದಿಕೆ, ಡಯಾಪರ್, ಪೀಠೋಪಕರಣ, ಗಾಳಿ ಶುದ್ಧೀಕರಣ. ಎರಡನೆಯದು ಮಗುವಿನ ದಿನಚರಿಗೆ ಸಂಬಂಧಿಸಿದ್ದು: ಹೊರಾಂಗಣದಲ್ಲಿ ಕಳೆಯುವ ಗಂಟೆಗಳು, ಮಣ್ಣಿನ ಆಟ, ಕೈತೋಟ, ಪರದೆಯಿಲ್ಲದ ದಿನ, ಮತ್ತು ಇವನ್ನೆಲ್ಲ ನಡೆಸಲು ಬೇಕಾಗುವ ಹೆಚ್ಚಿನ ಸಿಬ್ಬಂದಿ. ಮೂರನೆಯದು ಕಟ್ಟಡಕ್ಕೆ ಮತ್ತು ಭೂಮಿಗೆ ಸಂಬಂಧಿಸಿದ್ದು: ಸೌರಫಲಕ, ಮಳೆನೀರು ಸಂಗ್ರಹ, ಗೊಬ್ಬರದ ಗುಂಡಿ, ಮರುಬಳಕೆಯ ಕಾಗದ.

ಮೂರನೆಯ ರಾಶಿಗೆ ಪೋಷಕರು ಚಪ್ಪಾಳೆ ತಟ್ಟುತ್ತಾರೆ, ಹಣ ಕೊಡುವುದಿಲ್ಲ. ಅದು ಬೇಡವೆಂದಲ್ಲ, ಸೌರಫಲಕದ ಖರ್ಚು ವಿದ್ಯುತ್ ಬಿಲ್ಲಿನ ಉಳಿತಾಯದಿಂದ ತೀರಬೇಕು, ಮಳೆನೀರಿನ ತೊಟ್ಟಿಯ ಖರ್ಚು ನೀರಿನ ಬಿಲ್ಲಿನಿಂದ ತೀರಬೇಕು. ಅದನ್ನು ಶುಲ್ಕಕ್ಕೆ ಹಾಕಿದ ಕೇಂದ್ರಗಳೇ ಹೆಚ್ಚಾಗಿ ಪೋಷಕರ ಮುನಿಸಿಗೆ ಗುರಿಯಾಗುವುದು, ಏಕೆಂದರೆ ಬಿಲ್ ಕಡಿಮೆಯಾದದ್ದು ಕೇಂದ್ರಕ್ಕೆ, ಶುಲ್ಕ ಹೆಚ್ಚಾದದ್ದು ತಮಗೆ ಎಂಬ ಲೆಕ್ಕ ಯಾರಿಗಾದರೂ ಹೊಳೆಯುತ್ತದೆ.

ಇಷ್ಟಾದ ಮೇಲೆ ಮೊದಲೆರಡು ರಾಶಿಗಳ ಪ್ರತಿಯೊಂದು ಬಾಬಿನ ಎದುರು ಇನ್ನೊಂದು ಗುರುತು ಹಾಕಿ: ಅದನ್ನು ಒಂದು ಮಗುವಿಗೆ ಕೊಟ್ಟು ಪಕ್ಕದ ಮಗುವಿಗೆ ಕೊಡದೆ ಇರಲು ಸಾಧ್ಯವೇ? ಬಟ್ಟೆಯ ಡಯಾಪರ್, ಸಂಜೆಯ ಹೆಚ್ಚುವರಿ ಹೊರಾಂಗಣ ಗಂಟೆ ಇವುಗಳಿಗೆ ಸಾಧ್ಯ. ಗಾಳಿ, ನೆಲ ಒರೆಸುವ ದ್ರಾವಣ, ಆಟಿಕೆಗಳಿಗೆ ಸಾಧ್ಯವಿಲ್ಲ. ಊಟ ಮೇಲ್ನೋಟಕ್ಕೆ ಸಾಧ್ಯವೆನಿಸಿದರೂ ಎರಡು ವರ್ಷದ ಮಕ್ಕಳು ಪಕ್ಕದ ತಟ್ಟೆಗೆ ಕೈ ಹಾಕದೆ ಉಣ್ಣುವ ಮೇಜನ್ನು ನಾನಿನ್ನೂ ನೋಡಿಲ್ಲ. ಬೇರ್ಪಡಿಸಲಾಗದ ಬಾಬುಗಳನ್ನು ಐಚ್ಛಿಕವೆಂದು ಮಾರಲು ಬರುವುದಿಲ್ಲ. ಅವು ಎಲ್ಲರ ಶುಲ್ಕದಲ್ಲಿ ಸೇರಬೇಕು, ಇಲ್ಲವೇ ಪಟ್ಟಿಯಿಂದ ಹೊರಹೋಗಬೇಕು.

## ಹಂತ 3: ಬಾಗಿಲ ಬಳಿ ಒಂದು ವಾರ ನಿಲ್ಲುವುದು

ಪೋಷಕರು ಏನು ಹೇಳುತ್ತಾರೆಂದು ಕೇಳುವ ಮೊದಲು ಏನು ಮಾಡುತ್ತಾರೆಂದು ನೋಡಬೇಕು. ಸಂಜೆ ಮಗುವನ್ನು ಕರೆದೊಯ್ಯುವ ಹೊತ್ತಿನಲ್ಲಿ ಐದು ದಿನ ಬಾಗಿಲ ಬಳಿ ನಿಂತು, ಪ್ರತಿಯೊಬ್ಬರೂ ಮೊದಲ ಒಂದು ನಿಮಿಷದಲ್ಲಿ ಏನನ್ನು ಪರೀಕ್ಷಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಒಬ್ಬ ತಾಯಿ ಬಗ್ಗಿ ಮಗುವಿನ ನೆತ್ತಿ ಮೂಸುತ್ತಾರೆ. ಇನ್ನೊಬ್ಬರು ಅಂಗೈ ತಿರುಗಿಸಿ ಉಗುರಿನ ಸಂದು ನೋಡುತ್ತಾರೆ. ತಂದೆಯೊಬ್ಬರು ಊಟದ ಡಬ್ಬಿಯನ್ನು ತೆರೆಯದೆ ಕೈಯಲ್ಲಿ ತೂಗಿ, ಮಗು ತಿಂದಿದೆಯೋ ಇಲ್ಲವೋ ಎಂದು ಭಾರದಿಂದಲೇ ಅಂದಾಜಿಸುತ್ತಾರೆ. ಅಜ್ಜಿ ಬಂದ ದಿನ ಕಾಲುಚೀಲದ ಕೆಸರಿನ ಬಗ್ಗೆ ವಿಚಾರಣೆ ನಡೆಯುತ್ತದೆ.

ಈ ಟಿಪ್ಪಣಿಗಳು ಯಾವ ಸಮೀಕ್ಷೆಗಿಂತಲೂ ಬೆಲೆಬಾಳುವಂಥವು. ಪೋಷಕರು ಪರೀಕ್ಷಿಸುವ ಜಾಗದಲ್ಲಿ ಸುಧಾರಣೆ ಮಾಡಿದರೆ ಅದು ಅವರಿಗೆ ಹೇಳದೆಯೇ ಗೊತ್ತಾಗುತ್ತದೆ. ಘಾಟು ವಾಸನೆಯ ನೆಲದ ದ್ರಾವಣವನ್ನು ವಾಸನೆಯಿಲ್ಲದ ಸಾಬೂನಿಗೆ ಬದಲಿಸಿದ್ದನ್ನು ನೆತ್ತಿ ಮೂಸುವ ತಾಯಿ ಎರಡನೇ ದಿನವೇ ಕೇಳುತ್ತಾರೆ. ಮರುಬಳಕೆಯ ಕಾಗದಕ್ಕೆ ಬದಲಾಯಿಸಿದ್ದನ್ನು ವರ್ಷ ಕಳೆದರೂ ಯಾರೂ ಗಮನಿಸುವುದಿಲ್ಲ.

## ಹಂತ 4: ಅಭಿಪ್ರಾಯವನ್ನಲ್ಲ, ನಡೆದದ್ದನ್ನು ಕೇಳುವುದು

ಎಂಟರಿಂದ ಹನ್ನೆರಡು ಮಂದಿ ಪೋಷಕರೊಂದಿಗೆ ತಲಾ ಅರ್ಧ ಗಂಟೆ, ಒಬ್ಬೊಬ್ಬರೊಡನೆಯೇ ಕುಳಿತು ಮಾತನಾಡಿ. ಗುಂಪಿನಲ್ಲಿ ಮಾತನಾಡಿಸಬೇಡಿ; ಮೊದಲು ಬಾಯಿ ತೆರೆದವರು ಸಾವಯವದ ಪರ ಮಾತಾಡಿದರೆ ಉಳಿದವರಿಗೆ ಹಣದ ಮಾತೆತ್ತಲು ಸಂಕೋಚವಾಗುತ್ತದೆ. ‘ನೀವು ಹೆಚ್ಚು ಕೊಡುತ್ತೀರಾ’ ಎಂಬ ಪ್ರಶ್ನೆಯನ್ನು ಈ ಹಂತದಲ್ಲಿ ಕೇಳಲೇಬಾರದು. ಕೇಳಬೇಕಾದದ್ದು ನಡೆದುಹೋದ ಸಂಗತಿಗಳನ್ನು: ಕಳೆದ ಆರು ತಿಂಗಳಲ್ಲಿ ಮಗುವಿಗಾಗಿ, ಅಗ್ಗದ್ದು ಸಿಗುತ್ತಿದ್ದರೂ, ದುಬಾರಿಯದನ್ನೇ ಕೊಂಡದ್ದು ಯಾವುದು? ಯಾವುದನ್ನು ಕೊಳ್ಳಲು ಹೋಗಿ ಬೆಲೆ ನೋಡಿ ಬಿಟ್ಟಿರಿ? ಹಿಂದಿನ ಕೇಂದ್ರವನ್ನು ಬಿಟ್ಟಿದ್ದರೆ, ಬಿಡಲು ತೀರ್ಮಾನಿಸಿದ ದಿನ ಏನಾಗಿತ್ತು? ಮನೆಯಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಕೊನೆಗೆ ಯಾರ ಮಾತು ನಡೆಯುತ್ತದೆ?

ಕೊನೆಯ ಪ್ರಶ್ನೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ನಿಮ್ಮೊಂದಿಗೆ ಮಾತನಾಡುವವರು ಒಬ್ಬರು, ಶುಲ್ಕ ಕಟ್ಟುವವರು ಇನ್ನೊಬ್ಬರು, ದಿನವೂ ಮಗುವನ್ನು ಕರೆತರುವವರು ಮತ್ತೊಬ್ಬರು ಆಗಿರುವ ಮನೆಗಳಲ್ಲಿ, ಒಬ್ಬರ ಒಪ್ಪಿಗೆಯನ್ನು ಮನೆಯ ಒಪ್ಪಿಗೆಯೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ.

ಅವರು ಬಳಸಿದ ಮಾತುಗಳನ್ನು ಹಾಗೆಯೇ ಬರೆದುಕೊಳ್ಳಿ. ‘ಮೇಡಂ, ಅವನು ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕ್ತಾನೆ, ನೆಲಕ್ಕೆ ಏನು ಹಾಕಿ ಒರೆಸ್ತೀರಿ’ ಎಂದು ಕೇಳಿದ ಪೋಷಕರಿಗೆ ‘ಸುಸ್ಥಿರ ಶುಚಿತ್ವ ವ್ಯವಸ್ಥೆ’ ಎಂಬ ಹೆಸರಿನಲ್ಲಿ ಏನನ್ನು ಮಾರಲು ಹೋದರೂ ಅದು ತಮ್ಮ ಪ್ರಶ್ನೆಗೆ ಉತ್ತರವೆಂದು ಅನಿಸುವುದಿಲ್ಲ. ಮುಂದಿನ ಹಂತದ ಕಾರ್ಡ್‌ಗಳ ಮೇಲೆ ಬರಬೇಕಾದದ್ದು ಅವರ ಮಾತೇ.

## ಹಂತ 5: ಕಾರ್ಡ್‌ಗಳಿಂದ ಆದ್ಯತೆ ತಿಳಿಯುವುದು

ಒಂದೊಂದಕ್ಕೂ ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಎಲ್ಲಕ್ಕೂ ನಾಲ್ಕೂವರೆ ಬರುತ್ತದೆ. ಅದರ ಬದಲು ಅತ್ಯುತ್ತಮ-ಕನಿಷ್ಠ ಆಯ್ಕೆಯ ವಿಧಾನವನ್ನು ಬಳಸಿ. ಪಟ್ಟಿಯನ್ನು 12 ಬಾಬುಗಳಿಗೆ ಇಳಿಸಿ, ನಾಲ್ಕು ನಾಲ್ಕು ಬಾಬುಗಳಿರುವ 9 ಕಾರ್ಡ್‌ಗಳನ್ನು ಮಾಡಿ. ಪ್ರತಿ ಬಾಬು ಮೂರು ಕಾರ್ಡ್‌ಗಳಲ್ಲಿ ಬರಬೇಕು, ಒಂದೇ ಜೋಡಿ ಎರಡು ಬಾರಿ ಒಟ್ಟಿಗೆ ಬರಬಾರದು. ಪ್ರತಿ ಕಾರ್ಡ್‌ನಲ್ಲಿ ಪೋಷಕರು ಅತಿ ಮುಖ್ಯವಾದ ಒಂದನ್ನು ಮತ್ತು ಇಲ್ಲದಿದ್ದರೂ ನಡೆಯುವ ಒಂದನ್ನು ಆರಿಸಬೇಕು, ಅಷ್ಟೇ. ಒಬ್ಬರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಮುಖ್ಯವೆಂದು ಆರಿಸಿದ್ದಕ್ಕೆ ಒಂದು ಕೂಡಿಸಿ, ಬೇಡವೆಂದದ್ದಕ್ಕೆ ಒಂದು ಕಳೆದರೆ ಪ್ರತಿ ಬಾಬಿಗೂ ಒಂದು ಅಂಕ ಸಿಗುತ್ತದೆ. ಇದರಿಂದ ಬಂದ ಸಂಖ್ಯೆಯನ್ನು ಶೇಕಡಾವಾರಿಗೆ ಪರಿವರ್ತಿಸಿ ಹೇಳಿಕೊಳ್ಳುವ ಚಪಲ ಬೇಡ. ಇಪ್ಪತ್ತು ಮೂವತ್ತು ಮಂದಿಯ ಉತ್ತರದಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂಬುದಷ್ಟೇ ತಿಳಿಯುತ್ತದೆ, ಎಷ್ಟು ಮೇಲೆ ಎಂಬುದಲ್ಲ.

12 ಬಾಬುಗಳಲ್ಲಿ ಒಂದು ಪರಿಸರಕ್ಕೆ ಸಂಬಂಧವೇ ಇಲ್ಲದ್ದಾಗಿರಲಿ: ‘ಪ್ರತಿ ಸಿಬ್ಬಂದಿಗೆ ಇನ್ನೂ ಕಡಿಮೆ ಮಕ್ಕಳು’ ಅಥವಾ ‘ಸಂಜೆ ಅರ್ಧ ಗಂಟೆ ತಡವಾಗಿ ಕರೆದೊಯ್ಯುವ ಅವಕಾಶ’. ಇದು ಅಳತೆಗೋಲು. ನಿಮ್ಮ ಹಸಿರು ಬಾಬುಗಳೆಲ್ಲ ಇದರ ಕೆಳಗೆ ಬಂದರೆ, ಪೋಷಕರ ಹೆಚ್ಚುವರಿ ಹಣ ಎಲ್ಲಿಗೆ ಹೋಗಬಯಸುತ್ತದೆ ಎಂಬುದು ಸ್ಪಷ್ಟ. ಸಾಮಾನ್ಯವಾಗಿ ಅದು ಮಗುವನ್ನು ಎತ್ತಿಕೊಳ್ಳುವ ಕೈಗಳ ಕಡೆಗೇ ಇರುತ್ತದೆ. ಹೊರಾಂಗಣದ ಗಂಟೆಗಳಿಗೂ ಹೆಚ್ಚು ಕೈಗಳೇ ಬೇಕಾದ್ದರಿಂದ ಇವೆರಡನ್ನೂ ಒಟ್ಟಿಗೆ ಕಟ್ಟಲು ಬರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಶುಲ್ಕಕ್ಕೆ ಅತಿ ಹೆಚ್ಚು ಯೋಗ್ಯವಾದ ಜೋಡಿ ಇದೇ.

## ಹಂತ 6: ಬೆಲೆಯ ನಾಲ್ಕು ಪ್ರಶ್ನೆಗಳು

ಮೇಲೆ ಬಂದ ಮೂರು ನಾಲ್ಕು ಬಾಬುಗಳಿಗೆ ಮಾತ್ರ ಬೆಲೆ ಕೇಳಿ. ವ್ಯಾನ್ ವೆಸ್ಟೆನ್‌ಡಾರ್ಪ್ ಎಂಬ ಡಚ್ ಅರ್ಥಶಾಸ್ತ್ರಜ್ಞರು 1976ರಲ್ಲಿ ಮುಂದಿಟ್ಟ ಕ್ರಮದಲ್ಲಿ ನಾಲ್ಕು ಪ್ರಶ್ನೆಗಳಿವೆ: ಎಷ್ಟಾದರೆ ಗುಣಮಟ್ಟದ ಮೇಲೆ ಸಂಶಯ ಬರುವಷ್ಟು ಅಗ್ಗ, ಎಷ್ಟಾದರೆ ಲಾಭದ ವ್ಯವಹಾರ, ಎಷ್ಟಾದರೆ ದುಬಾರಿಯೆನಿಸಿದರೂ ಯೋಚಿಸಬಹುದು, ಎಷ್ಟಾದರೆ ಯೋಚಿಸುವುದೇ ಇಲ್ಲ. ಮಕ್ಕಳ ಪಾಲನೆಯಲ್ಲಿ ಮೊದಲ ಪ್ರಶ್ನೆಗೆ ವಿಶೇಷ ತೂಕವಿದೆ. ಸಾವಯವವೆಂದು ಹೇಳಿ ತೀರಾ ಕಡಿಮೆ ಹೆಚ್ಚುವರಿ ದರ ಇಟ್ಟರೆ ಅದು ನಿಜವಾಗಿ ಸಾವಯವವೇ ಎಂದು ಪೋಷಕರೇ ಅನುಮಾನಿಸುತ್ತಾರೆ.

ಕಾಲ್ಪನಿಕ ಪ್ರಶ್ನೆಗೆ ಜನ ಹೇಳುವ ಮೊತ್ತ ನಿಜವಾಗಿ ಜೇಬಿನಿಂದ ತೆಗೆಯುವ ಮೊತ್ತಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆದ್ದರಿಂದ ಈ ಹಂತದಲ್ಲಿ ಸಿಕ್ಕ ಮೊತ್ತವನ್ನು ಮೇಲ್ಮಿತಿಯೆಂದು ಮಾತ್ರ ಇಟ್ಟುಕೊಳ್ಳಿ, ಅದನ್ನೇ ದರವೆಂದು ಮುದ್ರಿಸಬೇಡಿ.

## ಹಂತ 7: ಬಿಟ್ಟುಹೋಗುವ ಮಕ್ಕಳ ಲೆಕ್ಕ

ಈ ಲೆಕ್ಕವನ್ನು ಮಾಡದೆ ಶುಲ್ಕ ಏರಿಸಿದವರೇ ಹೆಚ್ಚು. 40 ಮಕ್ಕಳಿದ್ದಾರೆ, ತಿಂಗಳ ಶುಲ್ಕ ಪ್ರತಿ ಮಗುವಿಗೆ 100 ಅಂಕ (ಹಣಕ್ಕೆ ಬದಲಾಗಿ ಲೆಕ್ಕಕ್ಕೆಂದು ಇಟ್ಟ ಘಟಕ) ಎಂದಿಟ್ಟುಕೊಳ್ಳಿ. ಒಟ್ಟು ಆದಾಯ 4,000. ಹೊಸ ವ್ಯವಸ್ಥೆಗೆ ಪ್ರತಿ ಮಗುವಿಗೆ 4 ಅಂಕದ ಸಾಮಗ್ರಿ, ಜೊತೆಗೆ ಎಷ್ಟೇ ಮಕ್ಕಳಿದ್ದರೂ ಬದಲಾಗದ 120 ಅಂಕದ ಸಿಬ್ಬಂದಿ ವೆಚ್ಚ ಬರುತ್ತದೆ ಎಂದಾದರೆ, ಹೊಸ ಖರ್ಚು ಒಟ್ಟು 280, ತಲಾ 7. ಶುಲ್ಕವನ್ನು 110ಕ್ಕೆ ಏರಿಸಿದರೆ ಖರ್ಚು ಕಳೆದು ತಿಂಗಳಿಗೆ 120 ಹೆಚ್ಚು ಉಳಿಯುತ್ತದೆ, ಕಾಗದದ ಮೇಲೆ.

ಒಂದು ಮಗು ಬಿಟ್ಟುಹೋಯಿತೆನ್ನಿ. 39 ಮಕ್ಕಳಿಂದ 4,290 ಬಂದು, ಹೊಸ ಖರ್ಚು 276 ಕಳೆದರೆ 4,014 ಉಳಿಯುತ್ತದೆ, ಹೆಚ್ಚುಕಡಿಮೆ ಮೊದಲಿನಷ್ಟೇ. ಎರಡು ಮಕ್ಕಳು ಬಿಟ್ಟರೆ 4,180ರಲ್ಲಿ 272 ಕಳೆದು 3,908. ಹಳೆಯ ಬಾಡಿಗೆ, ಹಳೆಯ ಸಂಬಳ ಹಾಗೆಯೇ ಇರುವುದರಿಂದ ನೀವೀಗ ನಷ್ಟದಲ್ಲಿದ್ದೀರಿ. ಬಿಟ್ಟುಹೋದ ಮಗುವಿನ ಊಟದ ಖರ್ಚು ಸ್ವಲ್ಪ ಉಳಿಯುತ್ತದಾದರೂ ಚಿತ್ರ ಹೆಚ್ಚು ಬದಲಾಗದು. ನಲವತ್ತು ಮನೆಗಳಲ್ಲಿ ಎರಡು ಮನೆಗಳ ಅಸಮಾಧಾನ ಇಡೀ ಯೋಜನೆಯನ್ನು ಕೆಡಿಸಬಲ್ಲುದಾದ್ದರಿಂದ, ನಿಮ್ಮ ಸ್ವಂತ ಅಂಕಿಗಳನ್ನು ಹಾಕಿ ಎಷ್ಟು ಮಕ್ಕಳು ಬಿಟ್ಟರೆ ತಡೆದುಕೊಳ್ಳಬಹುದೆಂದು ತಿಳಿದ ಮೇಲೆಯೇ ಮುಂದುವರಿಯಿರಿ. ಕಾಯುವವರ ಪಟ್ಟಿ ಉದ್ದವಿರುವ ಕೇಂದ್ರಕ್ಕೆ ಈ ಭಯ ಕಡಿಮೆ. ಖಾಲಿ ಜಾಗಗಳಿರುವ ಕೇಂದ್ರಕ್ಕೆ ಇದೇ ದೊಡ್ಡ ಭಯ.

## ಹಂತ 8: ಮುಂಗಡ ಪಡೆದು ಎಂಟು ವಾರ ನಡೆಸಿ ನೋಡುವುದು

ಬೇರ್ಪಡಿಸಬಹುದಾದ ಬಾಬುಗಳಿಗೆ ಸಣ್ಣ ಮುಂಗಡ ಕೇಳಿ, ಪ್ರಯೋಗ ಇಷ್ಟವಾಗದಿದ್ದರೆ ಹಿಂತಿರುಗಿಸುವ ಷರತ್ತಿನೊಂದಿಗೆ. ‘ಖಂಡಿತ ಬೇಕು’ ಎಂದವರಲ್ಲಿ ಎಷ್ಟು ಮಂದಿ ಮುಂಗಡ ಕಟ್ಟುತ್ತಾರೆ ಎಂಬುದೇ ನಿಮ್ಮ ನಿಜವಾದ ಸಮೀಕ್ಷೆ. ಬೇರ್ಪಡಿಸಲಾಗದವುಗಳನ್ನು ಒಂದು ವಯೋಗುಂಪಿನ ಕೋಣೆಯಲ್ಲಿ, ನಿಮ್ಮದೇ ಖರ್ಚಿನಲ್ಲಿ ಎಂಟು ವಾರ ನಡೆಸಿ, ಆಮೇಲೆ ನಿಲ್ಲಿಸುವುದಾಗಿ ತಿಳಿಸಿ ನೋಡಿ. ಯಾರೂ ಬಂದು ಕೇಳದಿದ್ದರೆ ಅದಕ್ಕೆ ಬೆಲೆಯಿಲ್ಲ.

ಬಟ್ಟೆಯ ಡಯಾಪರನ್ನು ಆರಿಸಿಕೊಂಡವರಿಗೆ ಒಂದು ಮಾತು, ಏಕೆಂದರೆ ಅತಿ ಹೆಚ್ಚು ಪ್ರಯೋಗಗಳು ಮುರಿದುಬೀಳುವುದು ಇಲ್ಲೇ. ಒದ್ದೆಯಾದದ್ದನ್ನು ಯಾರು ತೊಳೆದು ಎಲ್ಲಿ ಮುಚ್ಚಿಡುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ ಎಂಬುದನ್ನು ಸಿಬ್ಬಂದಿಯೊಂದಿಗೆ ತೀರ್ಮಾನಿಸದೆ ಆರಂಭಿಸಿದರೆ ಎರಡನೇ ವಾರದಲ್ಲಿ ಮಗುವಿಗೆ ದದ್ದು, ಮೂರನೇ ವಾರದಲ್ಲಿ ಸಿಬ್ಬಂದಿಯ ಅಸಹಕಾರ. ಪರಿಸರದ ಲಾಭವೂ ತಾನಾಗಿ ಬರುವುದಿಲ್ಲ: ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಜೀವನಚಕ್ರ (ತಯಾರಿಕೆಯಿಂದ ಬಿಸಾಡುವವರೆಗಿನ) ಅಧ್ಯಯನದಲ್ಲಿ, ಸಾಮಾನ್ಯ ರೀತಿಯಲ್ಲಿ ಒಗೆದು ಒಣಗಿಸಿದ ಬಟ್ಟೆಯ ಡಯಾಪರಿನ ಇಂಗಾಲದ ಹೊರೆ ಬಿಸಾಡುವ ಡಯಾಪರಿಗಿಂತ ಕಡಿಮೆಯೇನೂ ಇರಲಿಲ್ಲ, ಯಂತ್ರ ತುಂಬಿದ ಮೇಲೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದಾಗ ಮಾತ್ರ ಅದು ಗಣನೀಯವಾಗಿ ಇಳಿಯಿತು. ಡ್ರೈಯರ್ ಹಾಕಿ ಒಣಗಿಸುವ ಕೇಂದ್ರ ಇದನ್ನು ಹಸಿರೆಂದು ಮಾರಿದರೆ ಪ್ರಶ್ನೆ ಬಂದೇ ಬರುತ್ತದೆ.

## ಹಂತ 9: ಕಣ್ಣಿಗೆ ಕಾಣುವ ಪುರಾವೆ ಇಡುವುದು

ಹಣ ಕೊಟ್ಟ ಪೋಷಕರು ಹಗಲಿನಲ್ಲಿ ಅಲ್ಲಿರುವುದಿಲ್ಲ. ಅವರು ಕೊಳ್ಳುತ್ತಿರುವುದು ತಾವು ನೋಡದ ಎಂಟು ಗಂಟೆಗಳನ್ನಾದ್ದರಿಂದ, ಪುರಾವೆಯಿಲ್ಲದ ಸುಧಾರಣೆಗೆ ಎರಡನೇ ತಿಂಗಳ ಶುಲ್ಕ ಬರುವುದು ಕಷ್ಟ.

ಗಾಳಿ. ಮಲಗುವ ಕೋಣೆಯ ಗೋಡೆಗೆ ಇಂಗಾಲದ ಡೈಆಕ್ಸೈಡ್ ಮೀಟರ್ ಹಾಕಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ) ಇರುತ್ತದೆ; ಮುಚ್ಚಿದ ಕೋಣೆಯಲ್ಲಿ 1,000 ದಾಟಿದರೆ ಗಾಳಿಯಾಟ ಸಾಲದೆಂಬ ಸೂಚನೆಯೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಿಂದ ನೇರವಾಗಿ ಅಳೆಯುವ ಮೀಟರನ್ನೇ ಕೊಳ್ಳಿ. ಅಗ್ಗದ ಕೆಲವು ಬೇರೆ ಅನಿಲಗಳನ್ನು ಅಳೆದು ಇಂಗಾಲದ ಡೈಆಕ್ಸೈಡನ್ನು ಊಹಿಸಿ ತೋರಿಸುತ್ತವೆ, ಅಂಥವು ನೆಲ ಒರೆಸಿದಾಗಲೂ ಏರುತ್ತವೆ. ಹೆಪಾ ಫಿಲ್ಟರ್ ಇರುವ ಶುದ್ಧೀಕರಣ ಯಂತ್ರ ಧೂಳಿನ ಕಣಗಳನ್ನು ಹಿಡಿಯುತ್ತದೆಯೇ ಹೊರತು ಈ ಅನಿಲವನ್ನು ಕಡಿಮೆ ಮಾಡುವುದಿಲ್ಲ. ಯಂತ್ರ ಹಾಕಿ ಕಿಟಕಿ ಮುಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ಮಧ್ಯಾಹ್ನ ಎರಡು ಗಂಟೆಗೆ, ಮಕ್ಕಳೆಲ್ಲ ಮಲಗಿರುವಾಗ, ಮೀಟರಿನ ಅಂಕಿಯನ್ನು ದಿನವೂ ಬಾಗಿಲ ಬಳಿಯ ಹಲಗೆಯ ಮೇಲೆ ಬರೆಯಿರಿ, ಕೆಟ್ಟ ಅಂಕಿ ಬಂದ ದಿನವೂ.

ಪೀಠೋಪಕರಣ ಮತ್ತು ಬಣ್ಣ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರಬಹುದು, ಸೆಕೆ ಮತ್ತು ತೇವ ಹೆಚ್ಚಿದಾಗ ಇನ್ನಷ್ಟು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪೋಷಕರನ್ನು ಆಹ್ವಾನಿಸುವ ವಾರದಲ್ಲೇ ಹೊಸ ಬಣ್ಣ ಹೊಡೆಸಿ ಹೊಸ ಕಪಾಟು ತರಿಸುವವರು, ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಯಿಂದಲೇ ತಮ್ಮ ಮಾತನ್ನು ತಾವೇ ಸುಳ್ಳು ಮಾಡಿಕೊಳ್ಳುತ್ತಾರೆ. ಇಂಥ ಕೆಲಸವನ್ನು ದೀರ್ಘ ರಜೆಯ ಆರಂಭದಲ್ಲಿ ಮಾಡಿಸಿ, ರಜೆಯುದ್ದಕ್ಕೂ ಕಿಟಕಿ ತೆರೆದಿಡಿ.

ಪ್ರಮಾಣಪತ್ರಗಳು. ಪ್ರತಿಯೊಂದೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ನಿಮಗೆ ಬಾಯಿಪಾಠವಾಗಿರಬೇಕು. ಎಫ್‌ಎಸ್‌ಸಿ ಗುರುತು ಮರ ಎಂಥ ಕಾಡಿನಿಂದ ಬಂತೆಂದು ಹೇಳುತ್ತದೆ, ಅದಕ್ಕೆ ಬಳಿದ ವಾರ್ನಿಷ್ ಬಗ್ಗೆ ಏನೂ ಹೇಳುವುದಿಲ್ಲ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಬಟ್ಟೆಯಲ್ಲಿ ಹಾನಿಕಾರಕ ವಸ್ತುಗಳಿವೆಯೇ ಎಂದು ಪರೀಕ್ಷಿಸುತ್ತದೆ, ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಅದರ ಒಂದನೇ ವರ್ಗ ಅನ್ವಯಿಸುತ್ತದೆ, ಆದರೆ ಹತ್ತಿ ಸಾವಯವವೆಂದು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಗಾಟ್ಸ್ (ಜಾಗತಿಕ ಸಾವಯವ ಜವಳಿ ಮಾನದಂಡ). ಅದರ ಗುರುತು ಸಿಗಲು ಕನಿಷ್ಠ ಶೇ. 70ರಷ್ಟು ಸಾವಯವ ನಾರು ಇರಬೇಕು. ಮಾರಾಟಗಾರರು ಕೊಟ್ಟ ಪ್ರತಿಯನ್ನು ಗೋಡೆಗೆ ಅಂಟಿಸುವ ಮುನ್ನ, ಪತ್ರದ ಸಂಖ್ಯೆ, ಅವಧಿ, ಮತ್ತು ನೀವು ಕೊಂಡ ವಸ್ತು ಅದರಲ್ಲಿ ಸೇರಿದೆಯೇ ಎಂಬುದನ್ನು ಪ್ರಮಾಣೀಕರಿಸುವ ಸಂಸ್ಥೆಯ ಜಾಲತಾಣದಲ್ಲೇ ಪರಿಶೀಲಿಸಿ.

ಶುಚಿತ್ವ. ಹೆಚ್ಚಿನ ಜಾಗಗಳಿಗೆ ಸಾಬೂನು ನೀರು ಸಾಕು. ಡಯಾಪರ್ ಬದಲಿಸುವ ಮೇಜು, ಶೌಚಾಲಯ, ವಾಂತಿ ಅಥವಾ ರಕ್ತ ಬಿದ್ದ ಜಾಗಕ್ಕೆ ನಿಜವಾದ ರೋಗಾಣುನಾಶಕ ಬೇಕೇ ಬೇಕು. ‘ರಾಸಾಯನಿಕವೇ ಇಲ್ಲ’ ಎಂದು ಘೋಷಿಸಿ ಆ ಮೇಜನ್ನೂ ವಿನೆಗರ್‌ನಿಂದ ಒರೆಸುವ ಕೇಂದ್ರದಲ್ಲಿ ಒಂದು ಭೇದಿಯ ಸೋಂಕು ಕೋಣೆಯಿಂದ ಕೋಣೆಗೆ ಹರಡಿದರೆ ಸಾಕು, ಆ ಘೋಷಣೆಯೇ ದೂರಿನ ಮೊದಲ ಸಾಲಾಗುತ್ತದೆ. ಬ್ಲೀಚ್ ಮತ್ತು ವಿನೆಗರ್ ಎರಡೂ ಇರುವ ಕೇಂದ್ರದಲ್ಲಿ ಅವನ್ನು ಬೇರೆ ಬೇರೆ ಕಪಾಟುಗಳಲ್ಲಿಟ್ಟು, ಎಂದೂ ಬೆರೆಸಬಾರದೆಂದು ಸಿಬ್ಬಂದಿಗೆ ತಿಳಿಸಿ. ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಸುವಾಸನೆಯ ತೈಲಗಳು ನೈಸರ್ಗಿಕವಾದ ಮಾತ್ರಕ್ಕೆ ಮಗುವಿನ ಚರ್ಮಕ್ಕೆ, ಉಸಿರಿಗೆ ನಿರುಪದ್ರವಿಗಳಲ್ಲ.

ಹೊರಾಂಗಣ. ಫಿನ್ಲೆಂಡಿನ ಸಂಶೋಧಕರು 10 ಡೇ ಕೇರ್‌ಗಳ, 3ರಿಂದ 5 ವರ್ಷದ 75 ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಕೇಂದ್ರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲುಹಾಸು ತಂದು ಹಾಕಿ ಅಲ್ಲಿನ ಮಕ್ಕಳನ್ನು 28 ದಿನ ಅದರಲ್ಲಿ ಆಡಿಸಿದಾಗ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಯ ಕೆಲವು ಸೂಚಕಗಳೂ ಬದಲಾದವು. ಇದನ್ನು ಪೋಷಕರಿಗೆ ತಿಳಿಸಬಹುದು. ಆದರೆ ‘ನಮ್ಮಲ್ಲಿ ಮಗುವಿಗೆ ಅಲರ್ಜಿ ಬರುವುದಿಲ್ಲ’ ಎಂಬ ಭರವಸೆಗೆ ಅದು ಆಧಾರವಾಗದು, ಅಧ್ಯಯನ ಚಿಕ್ಕದು, ಅಲರ್ಜಿ ಕಡಿಮೆಯಾಯಿತೆಂದು ಅದು ತೋರಿಸಿಲ್ಲ. ಪೋಷಕರಿಗೆ ನೀವು ಕೊಡಬಹುದಾದ ಪುರಾವೆ ಸರಳವಾದದ್ದು: ಇಂದು ನಿಮ್ಮ ಮಗು ಎಷ್ಟು ನಿಮಿಷ ಹೊರಗಿತ್ತು ಎಂಬ ಒಂದು ಸಾಲು. ಅದರೊಂದಿಗೆ ಬದಲಿ ಬಟ್ಟೆ ತೊಡಿಸಿ, ಉಗುರು ತೊಳೆದು ಕಳುಹಿಸಿದರೆ ಅಜ್ಜಿಯ ವಿಚಾರಣೆಯೂ ಮುಗಿಯುತ್ತದೆ.

## ಹಂತ 10: ಶುಲ್ಕಕ್ಕೆ ರೂಪ ಕೊಡುವುದು

ರಸೀದಿಯಲ್ಲಿ ‘ಪರಿಸರ ಶುಲ್ಕ’ ಎಂಬ ಪ್ರತ್ಯೇಕ ಸಾಲು ಹಾಕಬೇಡಿ. ಇಸ್ರೇಲಿನ ಹೈಫಾ ನಗರದ 10 ಡೇ ಕೇರ್‌ಗಳಲ್ಲಿ ನೀಜಿ ಮತ್ತು ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡಬೇಕಾದದ್ದು. ಮಗುವನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ 6 ಕೇಂದ್ರಗಳು ಸಣ್ಣ ದಂಡ ಹಾಕಿದವು. ತಡವಾಗುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು, ದಂಡ ತೆಗೆದ ಮೇಲೂ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಸಂಕೋಚವಿದ್ದ ಜಾಗಕ್ಕೆ ಬೆಲೆ ಬಂದಾಗ ಪೋಷಕರು ಆ ಬೆಲೆ ಕೊಟ್ಟು ನಿರಾಳರಾದರು. ‘ಪರಿಸರ ಶುಲ್ಕ’ ಎಂಬ ಸಾಲಿಗೂ ಇದೇ ಗತಿ ಬರಬಹುದು: ನೀರಿನ ಬಾಟಲಿಯನ್ನು ಮನೆಯಿಂದಲೇ ಕಳುಹಿಸುತ್ತಿದ್ದವರು, ಹಳೆಯ ಬಟ್ಟೆಗಳನ್ನು ಕರಕುಶಲಕ್ಕೆಂದು ತಂದುಕೊಡುತ್ತಿದ್ದವರು, ಕೈತೋಟಕ್ಕೆ ಶನಿವಾರ ಬಂದು ಅಗೆಯುತ್ತಿದ್ದವರು, ಹಣ ಕಟ್ಟಿದ್ದೇವಲ್ಲ ಎಂದು ಹಿಂದೆ ಸರಿಯುತ್ತಾರೆ.

ಬೇರ್ಪಡಿಸಲಾಗದ ಬಾಬುಗಳನ್ನು ವಾರ್ಷಿಕ ಶುಲ್ಕ ಪರಿಷ್ಕರಣೆಯಲ್ಲಿ ಸೇರಿಸಿ, ಏರಿಕೆ ಯಾವ ಯಾವ ಕೆಲಸಕ್ಕೆ ಹೋಗುತ್ತದೆಂದು ಒಂದು ಪುಟದಲ್ಲಿ ಬರೆದು, ಜಾರಿಗೆ ಕನಿಷ್ಠ ಎರಡು ತಿಂಗಳ ಮೊದಲು ಕೊಡಿ. ಬೇರ್ಪಡಿಸಬಹುದಾದವನ್ನು ಅದರದರ ಹೆಸರಿನಲ್ಲೇ, ತಿಂಗಳಿಗೊಮ್ಮೆ ಬಿಡಲು ಅವಕಾಶವಿರುವಂತೆ ಇಡಿ. ಏರಿಕೆಯನ್ನು ಭರಿಸಲಾಗದ ಮನೆಗಳಿಗೆ ಹಳೆಯ ದರವನ್ನೇ ಒಂದು ವರ್ಷ ಮುಂದುವರಿಸುವ ವ್ಯವಸ್ಥೆಯಿದ್ದರೆ, ಏಳನೇ ಹಂತದ ಲೆಕ್ಕದ ಪ್ರಕಾರ, ಅದು ಉದಾರತೆಯಷ್ಟೇ ಅಲ್ಲ, ಮಗುವನ್ನು ಕಳೆದುಕೊಳ್ಳುವುದಕ್ಕಿಂತ ಅಗ್ಗವೂ ಹೌದು.

## ಎಚ್ಚರಿಕೆಯ ಸೂಚನೆಗಳು

ಎಲ್ಲ ಬಾಬುಗಳಿಗೂ ಒಂದೇ ಮಟ್ಟದ ಉತ್ಸಾಹ ಬರುತ್ತಿದ್ದರೆ ನೀವು ಕೇಳಿದ ಪ್ರಶ್ನೆ ಸರಿಯಿಲ್ಲ. ಪ್ರತಿ ಸಭೆಯಲ್ಲೂ ಅದೇ ಮೂವರು ನಾಲ್ವರು ಮಾತನಾಡುತ್ತಿದ್ದರೆ, ನೀವು ಅವರಿಗಾಗಿ ಮಾತ್ರ ಕೇಂದ್ರವನ್ನು ಬದಲಿಸುತ್ತಿದ್ದೀರಿ. ಪೋಷಕರು ‘ಒಳ್ಳೆಯ ಕೆಲಸ’ ಎಂದು ಹೊಗಳಿ, ಯಾವ ವಿವರವನ್ನೂ ಕೇಳದೆ ಹೊರಟರೆ ಅದು ಸೌಜನ್ಯ. ಬೇಡಿಕೆಯಿದ್ದವರು ವಿವರ ಕೇಳುತ್ತಾರೆ, ಕೆಲವೊಮ್ಮೆ ಜಗಳದ ದನಿಯಲ್ಲೇ ಕೇಳುತ್ತಾರೆ. ಸಿಬ್ಬಂದಿ ತಮ್ಮ ಮಕ್ಕಳಿಗೆ ಇದನ್ನು ಆರಿಸುವುದಿಲ್ಲವೆಂದು ಹೇಳಿದರೆ ಅದಕ್ಕೆ ಕಿವಿಗೊಡಿ. ಹಸಿರು ಸಾಮಗ್ರಿಯ ಖರ್ಚನ್ನು ಸರಿದೂಗಿಸಲು ಸಿಬ್ಬಂದಿಯ ಸಂಬಳದ ಏರಿಕೆಯನ್ನು ಮುಂದೂಡುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮಗುವಿಗೆ ಹೊಂದಿಕೊಂಡ ಆರೈಕೆದಾರರು ಬಿಟ್ಟುಹೋದರೆ ಸಾವಯವ ಊಟದ ಕಾರಣಕ್ಕೆ ಉಳಿಯುವ ಪೋಷಕರು ಯಾರೂ ಇಲ್ಲ.

## ಹಂತ 11: ಪೂರೈಕೆ ತಪ್ಪಿದಾಗ

ಆರು ತಿಂಗಳಿಗೊಮ್ಮೆ ಐದನೇ ಹಂತದ ಕಾರ್ಡ್‌ಗಳನ್ನು ಹೊಸದಾಗಿ ಸೇರಿದ ಪೋಷಕರಿಗೆ ಕೊಟ್ಟು ನೋಡಿ. ಹಸುಗೂಸಿನ ತಾಯಿಗೆ ಮೇಲಿದ್ದ ಬಾಬು, ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ಕೆಳಗಿಳಿದಿರುತ್ತದೆ.

ಒಂದಲ್ಲ ಒಂದು ತಿಂಗಳು ಪೂರೈಕೆ ತಪ್ಪುತ್ತದೆ. ಸಾವಯವ ತರಕಾರಿ ಬರುವುದಿಲ್ಲ, ಒಗೆಯುವ ಯಂತ್ರ ಕೆಡುತ್ತದೆ, ಹೊರಗೆ ಕರೆದೊಯ್ಯುವ ಸಿಬ್ಬಂದಿ ರಜೆಯಲ್ಲಿರುತ್ತಾರೆ. ಅಂದೇ ಬೆಳಿಗ್ಗೆ, ಪೋಷಕರು ಕೇಳುವ ಮೊದಲು, ಏನು ತಪ್ಪಿತು, ಎಷ್ಟು ದಿನ, ಬದಲಿಗೆ ಏನು ಕೊಡುತ್ತಿದ್ದೀರಿ ಎಂಬ ಮೂರು ಸಾಲನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಬರೆಯಿರಿ. ತಪ್ಪಿದ ದಿನಗಳ ಹೆಚ್ಚುವರಿ ಹಣವನ್ನು ಮುಂದಿನ ರಸೀದಿಯಲ್ಲಿ ಕಳೆದು, ಕಳೆದ ಮೊತ್ತವನ್ನು ಅದರಲ್ಲಿ ನಮೂದಿಸಿ ಕೊಡಿ.